ಅಪ್ಪನ 1978ರ ಪದ್ಮಿನಿ: ಬೇರೆ ಎಂಜಿನ್ ಹಾಕಿಸಲಾ, ಇದ್ದದ್ದನ್ನೇ ರಿಪೇರಿ ಮಾಡಿಸಲಾ?

ಕೊಥ್ರೂಡ್ ಧಾರವಾಡ

ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿಂದ ಇದೇ ಯೋಚನೆ. ನಿಮ್ಮಲ್ಲಿ ಹಳೇ ಗಾಡಿ ಇಟ್ಟುಕೊಂಡವರು ಯಾರಾದರೂ ದಾರಿ ತೋರಿಸಿ.

ನಮ್ಮ ಹತ್ತಿರ 1978ರ ಪ್ರೀಮಿಯರ್ ಪದ್ಮಿನಿ ಕಾರು ಇದೆ. ಅಪ್ಪ ಪುಣೆ ಹತ್ತಿರದ ಪಿಂಪರಿಯಲ್ಲಿ ಕೆಲಸದಲ್ಲಿದ್ದಾಗ 1986ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಆಗ ನಾನು ಮೂರನೇ ಕ್ಲಾಸು. ಪ್ರತಿ ಮೇ ತಿಂಗಳು ಇದರಲ್ಲೇ ಧಾರವಾಡಕ್ಕೆ ಹೋಗುತ್ತಿದ್ದೆವು. ಕಾತ್ರಜ್ ಘಾಟ್, ಖಂಬಾಟ್ಕಿ ಘಾಟ್, ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ. ಮುಂದೆ ಒಂದೇ ಉದ್ದನೆ ಸೀಟು, ಅಪ್ಪ ಅಮ್ಮನ ನಡುವೆ ನಾನು. ಗೇರ್ ಸ್ಟೀರಿಂಗ್ ಪಕ್ಕದಲ್ಲಿ ಇರುವುದರಿಂದ ಕಾಲಿಗೆ ಏನೂ ಅಡ್ಡ ಬರುತ್ತಿರಲಿಲ್ಲ. ಅಪ್ಪನಿಗೆ ಈಗ 79. ಗಾಡಿ ಓಡಿಸುವುದು ಬಿಟ್ಟು ನಾಲ್ಕು ವರ್ಷ ಆಯ್ತು. ಆದರೂ ಭಾನುವಾರ ಬೆಳಿಗ್ಗೆ ನಾನು ಸ್ಟಾರ್ಟ್ ಮಾಡಿದರೆ ಕಿಟಕಿ ಹತ್ತಿರ ಬಂದು ನಿಂತು ಸೌಂಡ್ ಕೇಳುತ್ತಾರೆ.

ಈಗ ತೊಂದರೆ ಏನು ಅಂದ್ರೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದು ಮೋಡದಷ್ಟು ನೀಲಿ ಹೊಗೆ. ಆಮೇಲೆ ಕಡಿಮೆ ಆಗುತ್ತದೆ. ಘಾಟ್ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದರೆ ಇನ್ನೊಂದು ಸಲ ಹೊಗೆ. 600 ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಕುಡಿಯುತ್ತದೆ. ಖಂಬಾಟ್ಕಿ ಏರುವಾಗ ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಗಿಬಿಡುತ್ತದೆ, ಹೋದ ಸಲ ಅರ್ಧ ದಾರಿಯಲ್ಲಿ ಬಾನೆಟ್ ಎತ್ತಿ ಮುಕ್ಕಾಲು ಗಂಟೆ ನಿಂತಿದ್ದೆವು. ಪಿಕಪ್ ಕೂಡ ಇಲ್ಲ. ನಿಂತಲ್ಲಿ ಎಂಜಿನ್ ನಡುಗುತ್ತದೆ. ಹೆಂಡತಿ ಆ ದಿನದ ನಂತರ ಇದರಲ್ಲಿ ಊರಿಗೆ ಬರಲ್ಲ ಅಂತ ಹೇಳಿಬಿಟ್ಟಿದ್ದಾಳೆ, ಅವಳದು ತಪ್ಪು ಅಂತ ನಾನು ಹೇಳಲ್ಲ.

ಇಲ್ಲೇ ಹತ್ತಿರದ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಅವರು ಬಾನೆಟ್ ಎತ್ತಿ ನೋಡಿ ಐದು ನಿಮಿಷದಲ್ಲಿ ಹೇಳಿದ್ದು ಇಷ್ಟು: ಎಂಜಿನ್ ಮುಗಿದಿದೆ, ಇದನ್ನು ಗುಜರಿಗೆ ಹಾಕಿ, ಓಮ್ನಿ ಎಂಜಿನ್ ಇಲ್ಲಾಂದ್ರೆ ಜಿಪ್ಸಿ ಎಂಜಿನ್ ಕೂರಿಸಿ ಕೊಡ್ತೀವಿ, ಗೇರ್‌ಬಾಕ್ಸ್ ಸೇರಿ ಒಂದು ಲಕ್ಷದ ಮೇಲೆ ಆಗುತ್ತದೆ. ಹಳೆಯದನ್ನೇ ಕಟ್ಟಿದರೆ 70 ಸಾವಿರ, ಆದರೆ ಗ್ಯಾರಂಟಿ ಕೊಡಲ್ಲ ಅಂದರು.

ನನಗೆ ಬೇಕಿರುವುದು ದೊಡ್ಡದೇನಲ್ಲ. ವಾರಕ್ಕೊಮ್ಮೆ ಊರೊಳಗೆ ಓಡಬೇಕು, ವರ್ಷಕ್ಕೆ ಒಂದೆರಡು ಸಲ ಅಪ್ಪನನ್ನು ಕೂರಿಸಿಕೊಂಡು ಧಾರವಾಡಕ್ಕೆ ಹೋಗಿಬರಬೇಕು, ದಾರಿಯಲ್ಲಿ ನಿಲ್ಲಬಾರದು. ಅದಕ್ಕೆ ಎಂಜಿನ್ ಬದಲಿಸುವುದು ಸರಿಯಾ? ಬದಲಿಸಿದರೆ ಆರ್‌ಟಿಓದಲ್ಲಿ ಏನಾಗುತ್ತದೆ? ಮಾಡಿಸಿದವರು ಯಾರಾದರೂ ಇದ್ದರೆ ನಿಜ ಹೇಳಿ.

ಹಿಂಜವಡಿ ಹುಡುಗ

ಸರ್, ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಜಿಪ್ಸಿ ಎಂಜಿನ್ ಹಾಕಿಸಿ. 1298 ಸಿಸಿ, ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಸಿಂಪಡಿಸುವಂಥದ್ದು) ಆದರೆ ಶಕ್ತಿ 80 ಬಿಎಚ್‌ಪಿ. ನಿಮ್ಮ ಈಗಿನ 1089 ಸಿಸಿ ಎಂಜಿನ್ ಹೊಸದಿದ್ದಾಗಲೇ ಸುಮಾರು 40. ಘಾಟ್‌ನಲ್ಲಿ ಲಾರಿ ಹಿಂದೆ ಎರಡನೇ ಗೇರಿನಲ್ಲಿ ಒದ್ದಾಡುವುದು ತಪ್ಪುತ್ತದೆ. ಮೂಲ ಎಂಜಿನ್ನೇ ಇರಬೇಕು ಅನ್ನುವುದು ನನಗೆ ಅಷ್ಟು ದೊಡ್ಡ ವಿಷಯ ಅನ್ನಿಸಲ್ಲ. ಪ್ರೀಮಿಯರ್ ಕಂಪನಿಯೇ ಕೊನೆಯ ವರ್ಷಗಳಲ್ಲಿ ಇದೇ ಬಾಡಿಗೆ ಡೀಸೆಲ್ ಎಂಜಿನ್ ಹಾಕಿ 137 ಡಿ ಅಂತ ಮಾರಿತ್ತು. ಮುಂಬೈ ಟ್ಯಾಕ್ಸಿಗಳೆಲ್ಲ ಸಿಎನ್‌ಜಿಗೆ ಹೋದವು. ಯಾರೂ ಅವನ್ನು ಪದ್ಮಿನಿ ಅಲ್ಲ ಅನ್ನಲಿಲ್ಲ. ಗಾಡಿ ಇರುವುದು ಓಡುವುದಕ್ಕೆ. ಶೆಡ್‌ನಲ್ಲಿ ನಿಂತ ಮೂಲ ಎಂಜಿನ್‌ಗಿಂತ, ನಿಮ್ಮ ಅಪ್ಪನನ್ನು ಧಾರವಾಡಕ್ಕೆ ಮುಟ್ಟಿಸುವ ಬೇರೆ ಎಂಜಿನ್ ಒಳ್ಳೆಯದು ಅಲ್ವಾ?

ಮಾಟುಂಗಾ ಪದ್ಮಿನಿ

ಧಾರವಾಡದವರೇ, ದಯವಿಟ್ಟು ಯಾರಿಗೂ ಅಡ್ವಾನ್ಸ್ ಕೊಡಬೇಡಿ. ಇದನ್ನು ಪೂರ್ತಿ ಓದಿ ಆಮೇಲೆ ನಿರ್ಧಾರ ಮಾಡಿ.

ನಮ್ಮ ತಂದೆ ಕುಂದಾಪುರದ ಕಡೆಯಿಂದ ಬಂದು ಮುಂಬೈಯಲ್ಲಿ ಮೂವತ್ತು ವರ್ಷ ಟ್ಯಾಕ್ಸಿ ಓಡಿಸಿದವರು. ಎರಡು ಪದ್ಮಿನಿ ಇದ್ದವು. ನಾನು ಶಾಲೆಯಿಂದ ಬಂದು ಚೀಲ ಇಟ್ಟು ಅವರ ಜೊತೆ ವಾಲ್ವ್ ಉಜ್ಜುತ್ತಾ ಬೆಳೆದವನು. ಆ ಗಾಡಿಗಳು ತಯಾರಾಗುತ್ತಿದ್ದದ್ದು ಇಲ್ಲೇ ಕುರ್ಲಾದಲ್ಲಿ. 2023ರ ಅಕ್ಟೋಬರ್ ಕೊನೆಗೆ ಕಡೆಯ ಪದ್ಮಿನಿ ಟ್ಯಾಕ್ಸಿಗೂ 20 ವರ್ಷ ತುಂಬಿ ರಸ್ತೆಯಿಂದ ಇಳಿಯಿತು, ಆ ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. ಇದನ್ನು ಯಾಕೆ ಹೇಳಿದೆ ಅಂದ್ರೆ, ಈ ಎಂಜಿನ್ ದಿನಕ್ಕೆ ಎರಡು ಪಾಳಿ, ಜೂನ್ ಮಳೆ, ಮೇ ಬಿಸಿಲು, ಎಲ್ಲದರಲ್ಲೂ ಓಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಐದು ನಿಮಿಷ ನೋಡಿ ಮುಗಿದಿದೆ ಅನ್ನುವ ಎಂಜಿನ್ ಇದಲ್ಲ.

ನೀವು ಬರೆದ ಹೊಗೆಯ ಲಕ್ಷಣ ಮತ್ತೆ ಓದಿ ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ, ಆಮೇಲೆ ಇಳಿಜಾರಿನಲ್ಲಿ ಕಾಲು ತೆಗೆದು ಮತ್ತೆ ಒತ್ತಿದಾಗ ಒಮ್ಮೆ. ಪಿಸ್ಟನ್ ರಿಂಗ್, ಅಂದರೆ ಆಯಿಲ್ ಮೇಲೆ ಬರದ ಹಾಗೆ ಪಿಸ್ಟನ್ ಸುತ್ತ ತಡೆಯುವ ಬಳೆ, ಹೋಗಿದ್ದರೆ ಹೊಗೆ ಹೀಗೆ ಬರಲ್ಲ. ರಿಂಗ್ ಹೋದರೆ ಏರಿನಲ್ಲಿ, ಲೋಡ್ ಬಿದ್ದಾಗ, ಹಿಂದೆ ಬರುವವರಿಗೆ ದಾರಿ ಕಾಣದ ಹಾಗೆ ಒಂದೇ ಸಮ ಬರುತ್ತದೆ. ನಿಮ್ಮದು ವಾಲ್ವ್ ಗೈಡ್, ಅಂದರೆ ವಾಲ್ವ್ ಕಾಂಡ ಮೇಲೆ ಕೆಳಗೆ ಆಡುವ ಕೊಳವೆ, ಸವೆದ ಲಕ್ಷಣ. ರಾತ್ರಿ ನಿಂತಾಗ ಮೇಲಿನ ಆಯಿಲ್ ಗೈಡ್ ಮತ್ತು ವಾಲ್ವ್ ಕಾಂಡದ ಸಂದಿಯಿಂದ ತೊಟ್ಟು ತೊಟ್ಟು ಇಳಿದು ಒಳಗೆ ಕೂತಿರುತ್ತದೆ, ಬೆಳಿಗ್ಗೆ ಅದು ಸುಡುತ್ತದೆ. ಇಳಿಜಾರಿನಲ್ಲಿ ಕಾಲು ತೆಗೆದಾಗ ಮ್ಯಾನಿಫೋಲ್ಡ್‌ನಲ್ಲಿ (ಎಂಜಿನ್ ಗಾಳಿ ಎಳೆಯುವ ಕೊಳವೆ) ಎಳೆತ ಜಾಸ್ತಿ, ಅದೇ ಸಂದಿಯಿಂದ ಆಯಿಲ್ ಹೀರಿಕೊಳ್ಳುತ್ತದೆ, ಮತ್ತೆ ಒತ್ತಿದಾಗ ಹೊರಗೆ ಬರುತ್ತದೆ. ಅಂದರೆ ತೊಂದರೆ ವಾಲ್ವ್ ಇರುವ ಮೇಲಿನ ಹೆಡ್‌ನಲ್ಲಿ ಇರಬಹುದು, ಪಿಸ್ಟನ್ ಇರುವ ಕೆಳಗಿನ ಬ್ಲಾಕ್ ಚೆನ್ನಾಗೇ ಇರಬಹುದು. ಹೆಡ್ ಇಳಿಸಿ ಗೈಡ್ ಬದಲಿಸುವುದಕ್ಕೂ ಎಂಜಿನ್ ಗುಜರಿಗೆ ಹಾಕುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ.

ಅಂದಾಜಿನ ಮೇಲೆ ಹೋಗಬೇಡಿ. ಕಂಪ್ರೆಷನ್ ಟೆಸ್ಟ್, ಅಂದರೆ ಸಿಲಿಂಡರ್ ಒಳಗೆ ಎಷ್ಟು ಒತ್ತಡ ಬರುತ್ತದೆ ಅಂತ ಗೇಜ್ ಹಾಕಿ ಅಳೆಯುವುದು, ಮಾಡಿಸಿ. ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲ್ ವೈರ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ನಾಲ್ಕೂ ಸಿಲಿಂಡರ್ ಓದು ಬರೆದಿಡಿ. ಎಷ್ಟು ಬಂತು ಅನ್ನುವುದಕ್ಕಿಂತ ಒಂದಕ್ಕೂ ಇನ್ನೊಂದಕ್ಕೂ ಎಷ್ಟು ವ್ಯತ್ಯಾಸ ಅನ್ನುವುದು ಮುಖ್ಯ. ಆಮೇಲೆ ಪ್ಲಗ್ ತೂತಿನಿಂದ ಒಂದೊಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಕಡಿಮೆ ಇದ್ದದ್ದು ಜೋರಾಗಿ ಮೇಲೆ ಬಂದರೆ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಹೋಗಿದೆ. ಇದ್ದಲ್ಲೇ ಇದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಇನ್ನೊಂದು, ಎಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಹಿಡಿಯಿರಿ. ಭುಸ್ ಭುಸ್ ಅಂತ ಗಾಳಿ ಒದೆಯುತ್ತಿದ್ದರೆ ಕೆಳಗಿನ ಕೆಲಸ ಇದೆ.

ಬಿಸಿಯಾಗುವುದು ಬೇರೆಯೇ ವಿಷಯ, ಹೊಗೆಯ ಜೊತೆ ಸೇರಿಸಿ ನೋಡಬೇಡಿ. ಈ ಎಂಜಿನ್‌ನಲ್ಲಿ ಬ್ಲಾಕ್ ಬೀಡುಕಬ್ಬಿಣ, ಹೆಡ್ ಅಲ್ಯೂಮಿನಿಯಂ. ವರ್ಷಗಟ್ಟಲೆ ಬರೀ ನಲ್ಲಿ ನೀರು ಹಾಕಿದರೆ ಒಳಗೆ ತುಕ್ಕು ಕೆಸರಾಗಿ ಹಿಂದಿನ ಸಿಲಿಂಡರ್ ಸುತ್ತ ಕೂರುತ್ತದೆ. ಬ್ಲಾಕಿನ ಪಕ್ಕದ ಬಿಲ್ಲೆಗಳಿವೆಯಲ್ಲ, ವೆಲ್ಷ್ ಪ್ಲಗ್, ಅದನ್ನು ತೆಗೆದು ಒಳಗೆ ತಂತಿ ಆಡಿಸಿ ನೋಡಿ. ನಮ್ಮ ಗಾಡಿಯಲ್ಲಿ ಒಮ್ಮೆ ಒಂದು ಚಹಾ ಲೋಟ ತುಂಬ ಕೆಂಪು ಕೆಸರು ಬಂದಿತ್ತು. ರೇಡಿಯೇಟರ್ ಬಿಚ್ಚಿಸಿ ಸಲಾಕೆ ಹಾಕಿ ಸ್ವಚ್ಛ ಮಾಡಿಸಿ. ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹಾರುವ ಹೊತ್ತು, ಹಿಂದೆ ಬಿದ್ದಿದ್ದರೂ ಎಂಜಿನ್ ಕಾಯುತ್ತದೆ, ಅದನ್ನೂ ನೋಡಿಸಿ. ಮತ್ತೆ ಘಾಟ್‌ನಲ್ಲಿ ನಿಂತಿದ್ದು ಪೆಟ್ರೋಲ್ ಪಂಪ್ ಕಾದು ಕೂಡ ಆಗಿರಬಹುದು. ಪಂಪ್ ಎಂಜಿನ್ ಪಕ್ಕಕ್ಕೇ ಅಂಟಿಕೊಂಡಿದೆ, ಪೆಟ್ರೋಲ್ ಒಳಗೇ ಆವಿಯಾಗಿ ಕಾರ್ಬ್ಯುರೇಟರಿಗೆ ಹೋಗಲ್ಲ. ತಂದೆ ಖಂಡಾಲಾ ಘಾಟ್ ಹತ್ತುವ ಮುಂಚೆ ಖೋಪೋಲಿಯಲ್ಲಿ ನಿಲ್ಲಿಸಿ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದರು. ಲುಂಗಿಯ ತುಂಡು, ಡಿಕ್ಕಿಯಲ್ಲಿ ಅದಕ್ಕೆ ಅಂತಲೇ ಇಟ್ಟಿದ್ದು.

ಹಿಂಜವಡಿಯ ತಮ್ಮನಿಗೆ ಒಂದು ಮಾತು. ಡೀಸೆಲ್ ಗಾಡಿಗೆ ಬೇಕಾದದ್ದನ್ನೆಲ್ಲ ಕಂಪನಿ ಫ್ಯಾಕ್ಟರಿಯಲ್ಲೇ ಜೋಡಿಸಿ ಕೊಟ್ಟಿತ್ತು. ಗಲ್ಲಿಯ ಗ್ಯಾರೇಜಿನಲ್ಲಿ ಗ್ಯಾಸ್ ಕಟ್ ಮಾಡಿ ವೆಲ್ಡ್ ಮಾಡುವುದು ಅದೇ ಅಲ್ಲ.

ವಾಸ್ಕೋ ಘಾಟ್

ನಾನು ಎಂಜಿನ್ ಬದಲಿಸಿದವನು. ನಿಜ ಹೇಳಿ ಅಂದಿದ್ದೀರಿ, ಹೇಳ್ತೀನಿ.

ಮೂಲ ಊರು ಹುಬ್ಬಳ್ಳಿ, ಇರುವುದು ವಾಸ್ಕೋದಲ್ಲಿ. ನನ್ನ ಪದ್ಮಿನಿಗೆ 2007ರಲ್ಲಿ ಪ್ರೀಮಿಯರ್ 118 ಎನ್‌ಇಯ ಎಂಜಿನ್ ಕೂರಿಸಿದೆ. ಗೊತ್ತಿಲ್ಲದವರಿಗೆ: 118 ಎನ್‌ಇ 1985ರಲ್ಲಿ ಬಂದ ಗಾಡಿ, ಬಾಡಿ ಫಿಯೆಟ್ 124ರದ್ದು, ಎಂಜಿನ್ ನಿಸ್ಸಾನ್‌ದು, 1171 ಸಿಸಿ. ನನ್ನ ಬ್ಲಾಕ್ ಬಿರುಕು ಬಿಟ್ಟಿತ್ತು, ವೆಲ್ಡ್ ಮಾಡಿಸಿದ್ದೂ ಎರಡು ಸಲ ಸೋರಿತು. ಆಗ ಬೇರೆ ದಾರಿ ಕಾಣಲಿಲ್ಲ. ಆಗಲೇ ಆರ್‌ಟಿಓದಲ್ಲಿ ಒಪ್ಪಿಗೆ ತಗೊಂಡು ಆರ್‌ಸಿಯಲ್ಲಿ ಬರೆಸಿದ್ದೇನೆ.

ಗಾಡಿ ಚೆನ್ನಾಗಿ ಓಡುತ್ತದೆ. ಅನಮೋಡ್ ಘಾಟ್ ಮೂರನೇ ಗೇರಿನಲ್ಲಿ ಎಳೆಯುತ್ತದೆ. ಪಶ್ಚಾತ್ತಾಪ ಇಲ್ಲ. ಆದರೆ ಗ್ಯಾರೇಜಿನವರು ಹೇಳುವ ಹಾಗೆ ಎತ್ತಿ ಇಟ್ಟು ಬೋಲ್ಟ್ ಹಾಕುವ ಕೆಲಸ ಇದಲ್ಲ. ಹತ್ತು ದಿನ ಅಂದಿದ್ದು ಏಳು ತಿಂಗಳು ಹಿಡಿಯಿತು, ನಡುವೆ ಒಂದು ಪೂರ್ತಿ ಮಳೆಗಾಲ ಗಾಡಿ ಎಂಜಿನ್ ಇಲ್ಲದೆ ತಾಡಪತ್ರಿ ಕೆಳಗೆ ನಿಂತಿತ್ತು. ಹೊಸ ಎಂಜಿನ್‌ನ ಆಯಿಲ್ ಸಂಪ್ ಮುಂದಿನ ಅಡ್ಡಪಟ್ಟಿಗೆ ತಾಗಿತು. ಮೌಂಟಿಂಗ್ ಹೊಸದಾಗಿ ಮಾಡಿಸಬೇಕಾಯ್ತು, ಮೊದಲ ಜೋಡಿ ಸರಿಯಾದ ಕೋನದಲ್ಲಿ ಇರಲಿಲ್ಲ, 50 ದಾಟಿದರೆ ಗಾಡಿಯೆಲ್ಲ ಗಡಗಡ. ಪ್ರೊಪೆಲರ್ ಶಾಫ್ಟ್ (ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಉದ್ದ ಕಂಬಿ) ಕಡಿದು, ಮತ್ತೆ ಬೆಸೆದು, ಬ್ಯಾಲೆನ್ಸ್ ಮಾಡಿಸಿದೆ. ಸೈಲೆನ್ಸರ್ ಪೈಪು, ರೇಡಿಯೇಟರ್ ಹೋಸು, ಕ್ಲಚ್ ಜೋಡಣೆ, ಆಕ್ಸಿಲರೇಟರ್ ಎಲ್ಲ ಬೇರೆ. ಸ್ಪೀಡೋಮೀಟರ್ ಇವತ್ತಿಗೂ ಸುಳ್ಳು ಹೇಳುತ್ತದೆ.

ಮತ್ತೆ ಗೇರ್. ನೀವು ಬರೆದದ್ದು ಓದಿ ಇದನ್ನು ಹೇಳಲೇಬೇಕು ಅನ್ನಿಸಿತು. ಎಂಜಿನ್ ಜೊತೆ ಗೇರ್‌ಬಾಕ್ಸೂ ಬಂತು, ಗೇರ್ ಕಡ್ಡಿ ನೆಲಕ್ಕೆ ಬಂತು. ಅದಕ್ಕೆ ನೆಲದ ತಗಡು ಕತ್ತರಿಸಬೇಕಾಯ್ತು. ಉದ್ದನೆ ಸೀಟು ತೆಗೆದು ಎರಡು ಬೇರೆ ಸೀಟು ಹಾಕಿಸಿದೆ. ಮಧ್ಯೆ ಕೂರುವ ಜಾಗ ಹೋಯಿತು.

ಜಿಪ್ಸಿ ಎಂಜಿನ್ ಬಗ್ಗೆ ಯೋಚಿಸುವವರು ಬ್ರೇಕ್ ಬಗ್ಗೆಯೂ ಯೋಚಿಸಿ. ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. 40 ಬಿಎಚ್‌ಪಿಗೆ ಮಾಡಿದ್ದು. ನನಗೆ ಸ್ವಲ್ಪ ಜಾಸ್ತಿ ಶಕ್ತಿ ಬಂದದ್ದಕ್ಕೇ ಅನಮೋಡ್ ಇಳಿಯುವಾಗ ಒಮ್ಮೆ ಡ್ರಮ್ ಕಾದು ಪೆಡಲ್ ಗಟ್ಟಿ ಇದ್ದರೂ ಗಾಡಿ ನಿಲ್ಲಲೇ ಇಲ್ಲ, ಎರಡನೇ ಗೇರಿಗೆ ಹಾಕಿ ಬದಿಯ ಮಣ್ಣಿಗೆ ತಂದು ನಿಲ್ಲಿಸಿದೆ. ಮಗಳು ಹಿಂದಿನ ಸೀಟಿನಲ್ಲಿ ಮಲಗಿದ್ದಳು. ಅದನ್ನು ನೆನೆಸಿದರೆ ಈಗಲೂ ಅಂಗೈ ಬೆವರುತ್ತದೆ. ಶಕ್ತಿ ಎರಡರಷ್ಟು ಮಾಡಿ ಬ್ರೇಕ್ ಹಾಗೇ ಬಿಡುವುದು ಸರಿಯಲ್ಲ. ಎಂಪಿಎಫ್‌ಐ ಆದರೆ ಕಂಪ್ಯೂಟರ್, ಸೆನ್ಸರ್, ಬೇರೆ ವೈರಿಂಗ್, ಟ್ಯಾಂಕ್ ಕಡೆಯಿಂದ ಜೋರು ಒತ್ತಡದ ಪಂಪು, ಎಲ್ಲ ಬೇಕು. ಹಳೇ ಡೈನಮೋ ಇದ್ದರೆ ಅದಕ್ಕೆ ಸಾಕಾಗಲ್ಲ. ಓಮ್ನಿಯದಂತೂ ಬೇಡವೇ ಬೇಡ. 796 ಸಿಸಿ, ಮೂರು ಸಿಲಿಂಡರ್. ನಿಮ್ಮದು ಸುಮಾರು 900 ಕೆಜಿ ಗಾಡಿ, ಅದರಲ್ಲಿ ನಾಲ್ಕು ಜನ ಕೂತು ಖಂಬಾಟ್ಕಿ ಹತ್ತಿದರೆ ಈಗಿನದಕ್ಕಿಂತ ಕಷ್ಟ ಆಗುತ್ತದೆ.

ಬ್ಲಾಕ್ ಬಿರುಕು ಬಿಟ್ಟಿದ್ದರೆ ಬದಲಿಸಿ, ಅದೂ ಮೊದಲು ಇದೇ ಮಾದರಿಯ ಇನ್ನೊಂದು ಎಂಜಿನ್ ಹುಡುಕಿ. ಬಿರುಕು ಇಲ್ಲದಿದ್ದರೆ ಮಾಟುಂಗಾದವರು ಹೇಳಿದ್ದು ಕೇಳಿ.

ಠಾಣೆ ಆರ್‌ಸಿ

ನಾನು ಇನ್ಶೂರೆನ್ಸ್ ಸರ್ವೆ ಕೆಲಸ ಮಾಡಿ ನಿವೃತ್ತನಾದವನು. ಕಾಗದದ ಕಡೆ ಹೇಳ್ತೀನಿ, ಯಾಕಂದ್ರೆ ಇದನ್ನು ಗ್ಯಾರೇಜಿನವರು ಹೇಳುವುದಿಲ್ಲ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಮೊದಲು ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿದೆ. ಅದೇ ಕಂಪನಿ, ಅದೇ ಮಾದರಿ, ಅದೇ ಇಂಧನದ ಇನ್ನೊಂದು ಎಂಜಿನ್ ಹಾಕುವುದು ಬೇರೆ ಮಾತು. ಅದಕ್ಕೆ ಆರ್‌ಟಿಓಗೆ ಅರ್ಜಿ ಕೊಟ್ಟು, ಗಾಡಿ ತೋರಿಸಿ, ಹೊಸ ನಂಬರ್ ಆರ್‌ಸಿಯಲ್ಲಿ ಬರೆಸಿಕೊಳ್ಳಬಹುದು. ಪದ್ಮಿನಿಗೆ ಜಿಪ್ಸಿ ಎಂಜಿನ್ ಅಂದರೆ ಅದು ಈ ಸಾಲಿಗೆ ಬರುವುದಿಲ್ಲ.

ಹಾಕಿಸಿ ಸುಮ್ನೆ ಇದ್ದರೆ ಯಾರಿಗೆ ಗೊತ್ತಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ಹಳೇ ಗಾಡಿಯ ನೋಂದಣಿ ಐದೈದು ವರ್ಷಕ್ಕೆ ನವೀಕರಿಸಬೇಕು, ಆಗ ಇನ್‌ಸ್ಪೆಕ್ಟರ್ ಎಂಜಿನ್ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ಆ ಅಚ್ಚು ಆರ್‌ಸಿಗೆ ಹೊಂದದಿದ್ದರೆ ಗಾಡಿ ಅಲ್ಲೇ ಸಿಕ್ಕಿಬೀಳುತ್ತದೆ. ಅಪಘಾತ ಆದರೆ ಇನ್ನೂ ಕಷ್ಟ. ನಾನೇ ಸರ್ವೆ ಮಾಡಿದ ಗಾಡಿಗಳಲ್ಲಿ ಎಂಜಿನ್ ನಂಬರ್ ಬೇರೆ ಇದ್ದದ್ದಕ್ಕೆ ಕ್ಲೇಮ್ ತಿರಸ್ಕಾರ ಆದದ್ದು ನೋಡಿದ್ದೇನೆ. ಆ ಮನೆಯವರ ಮುಖ ನೋಡಲು ಆಗುವುದಿಲ್ಲ.

ಈಗ ನಿಮ್ಮ ಗಾಡಿಗೇ ಮುಖ್ಯವಾದ ವಿಷಯ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು, ದೊಡ್ಡ ಬದಲಾವಣೆ ಆಗಿರಬಾರದು. ಹಾಗಿದ್ದರೆ ನಂಬರ್ ಪ್ಲೇಟಿನಲ್ಲಿ ವಿಎ ಅಕ್ಷರ ಬರುತ್ತದೆ, ನೋಂದಣಿ ಹತ್ತು ವರ್ಷಕ್ಕೆ, ಶುಲ್ಕ 20 ಸಾವಿರ. ನಿಮ್ಮದು 1978ರ ಗಾಡಿ, 2028ಕ್ಕೆ 50 ತುಂಬುತ್ತದೆ. ಇಷ್ಟು ಹತ್ತಿರ ಬಂದು ಎಂಜಿನ್ ತೆಗೆದು ಬಿಸಾಕಿದರೆ ಆ ಬಾಗಿಲು ಮುಚ್ಚಿಹೋಗುತ್ತದೆ.

ಆದರೆ ಒಂದು ಎಚ್ಚರಿಕೆ. ವಿಂಟೇಜ್ ನೋಂದಣಿ ಆದ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥದ್ದಕ್ಕೆ ಮಾತ್ರ. ನಿಮಗೆ ಅಪ್ಪನ ಜೊತೆ ಧಾರವಾಡಕ್ಕೆ ಹೋಗಬೇಕು ಅಂದರೆ ಮಾಮೂಲಿ ನೋಂದಣಿಯೇ ನವೀಕರಿಸಿಕೊಂಡು, ಗ್ರೀನ್ ಟ್ಯಾಕ್ಸ್ ಕಟ್ಟಿಕೊಂಡು ಇರಿ. ಎಂಜಿನ್ ಉಳಿಸಿಕೊಂಡರೆ ಮುಂದೆ ಎರಡು ದಾರಿಯೂ ತೆರೆದಿರುತ್ತದೆ.

ಇದೇ ಮಾದರಿಯ ಹಳೇ ಎಂಜಿನ್ ತರುವುದೇ ಆದರೆ, ಕುರ್ಲಾದ ಸಿಎಸ್‌ಟಿ ರಸ್ತೆಯ ಗುಜರಿ ಅಂಗಡಿಗಳಲ್ಲಿ ಹುಡುಕಬಹುದು. ಬಿಲ್ಲು ಮತ್ತು ಆ ಎಂಜಿನ್ ಬಂದ ಗಾಡಿಯ ಕಾಗದದ ಪ್ರತಿ ಇಲ್ಲದೆ ಮುಟ್ಟಬೇಡಿ. ಕಳವಿನ ಗಾಡಿಯ ನಂಬರ್ ಆಗಿದ್ದರೆ ಪೊಲೀಸರು ಬರುವುದು ನಿಮ್ಮ ಮನೆಗೆ.

ಹಿಂಜವಡಿ ಹುಡುಗ

ಬ್ರೇಕ್ ವಿಷಯ ಮತ್ತು 52ನೇ ಕಲಂ ನನಗೆ ಗೊತ್ತಿರಲಿಲ್ಲ, ಜಿಪ್ಸಿ ಮಾತು ವಾಪಸ್ ತಗೋತೀನಿ. ಎಲೆಕ್ಟ್ರಿಕ್ ಕಿಟ್ ಹಾಕಿಸಿದರೆ? ಆ ಕಾಯ್ದೆಯಲ್ಲಿ ಅದಕ್ಕೆ ಅವಕಾಶ ಇದೆ ಅಂತ ಕೇಳಿದ್ದೆ.

ಠಾಣೆ ಆರ್‌ಸಿ

ಅವಕಾಶ ಇದೆ. ಆದರೆ ಕಿಟ್‌ಗೆ ಆ ಮಾದರಿಯ ಗಾಡಿಗೇ ಅಂತ ಒಪ್ಪಿಗೆ ಸಿಕ್ಕಿರಬೇಕು, ಪುಣೆಯ ಎಆರ್‌ಎಐ ಥರದ ಸಂಸ್ಥೆ ಪರೀಕ್ಷೆ ಮಾಡಿ ಕೊಡುವುದು. ಯಾರೋ ಮೋಟಾರು ಬ್ಯಾಟರಿ ತಂದು ಕೂರಿಸಿದರೆ ಆಗುವುದಿಲ್ಲ.

ಕೊಥ್ರೂಡ್ ಧಾರವಾಡ

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲರ ಮಾತನ್ನೂ ಅಪ್ಪನಿಗೆ ಓದಿ ಹೇಳಿದೆ. ವಾಸ್ಕೋದವರು ಬರೆದ ಮಧ್ಯದ ಸೀಟಿನ ಸಾಲು ಬಂದಾಗ ಅಪ್ಪ ಕೈ ಎತ್ತಿ ಸಾಕು ಅಂದರು, ಎದ್ದು ಒಳಗೆ ಹೋಗಿ ಒಂದು ಹಳೇ ನೋಟ್‌ಬುಕ್ ತಂದರು. ಗಾಡಿ ತಗೊಂಡ ದಿನದಿಂದ ಪ್ರತಿ ಆಯಿಲ್ ಬದಲಾವಣೆ, ಪ್ರತಿ ಪ್ಲಗ್, ತಾರೀಖು ಕಿಲೋಮೀಟರ್ ಸಮೇತ ಅವರ ಅಕ್ಷರದಲ್ಲಿದೆ. ಅದರಲ್ಲಿ 1994ರ ನವೆಂಬರ್: ‘ಬೋರ್ ಮಾಡಿಸಿದೆ, ಹೊಸ ಪಿಸ್ಟನ್ 0.4, ಕ್ರ್ಯಾಂಕ್ ಪಾಲಿಶ್, ನಾನಾ ಪೇಠ್ ಲೇತ್.’ ಅಂದರೆ ಸಿಲಿಂಡರ್ ಕೊರೆಸಿ 0.4 ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕಿಸಿದ್ದಾರೆ. ಅಲ್ಲಿಂದ ಇಲ್ಲಿವರೆಗೆ ಓಡಿದ್ದು 61 ಸಾವಿರ ಕಿಲೋಮೀಟರ್. ಈ ಎಂಜಿನ್‌ನ ಒಳಗೆ ಏನಿದೆ ಅಂತ ನನಗೇ ಗೊತ್ತಿರಲಿಲ್ಲ, ಆ ಗ್ಯಾರೇಜಿನವರಿಗೆ ಹೇಗೆ ಗೊತ್ತಾಗಬೇಕು.

ಬೇರೆ ಮಿಸ್ತ್ರಿ ಹುಡುಕಿದೆ. ವಯಸ್ಸಾದವರು, ಭವಾನಿ ಪೇಠ್ ಕಡೆ ಸಣ್ಣ ಶೆಡ್ಡು. ಅವರು ಎಂಜಿನ್ ಮುಟ್ಟುವ ಮೊದಲು ಗೇಜ್ ತೆಗೆದರು, ಅದಕ್ಕೇ ನಂಬಿಕೆ ಬಂತು.

ಕಂಪ್ರೆಷನ್ (ಪಿಎಸ್‌ಐ ಲೆಕ್ಕದಲ್ಲಿ) ಹೀಗೆ ಬಂತು. ಒಂದನೇ ಸಿಲಿಂಡರ್ 120, ಎರಡನೆಯದು 118, ಮೂರನೆಯದು 85, ನಾಲ್ಕನೆಯದು 121. ಆಯಿಲ್ ಬಿಟ್ಟು ಅಳೆದಾಗ ಉಳಿದ ಮೂರು 130ರ ಹತ್ತಿರ ಬಂದವು, ಮೂರನೆಯದು 88. ಮಿಸ್ತ್ರಿ ಏನೂ ಹೇಳಲಿಲ್ಲ, ಹೆಡ್ ಇಳಿಸೋಣ ಅಂದರು. ಆಯಿಲ್ ಮುಚ್ಚಳದ ಮೇಲೆ ಅಂಗೈ ಇಟ್ಟಾಗ ಒದೆತ ಇರಲಿಲ್ಲ.

ಹೆಡ್ ಇಳಿಸಿದ ದಿನ ಅಪ್ಪನೂ ಬಂದಿದ್ದರು. ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆವು. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಹೊರಗೆ ಬಂತು. ಅದರ ಅಂಚಿನಲ್ಲಿ ಇಲಿ ಕಡಿದ ರೊಟ್ಟಿಯ ಹಾಗೆ ಒಂದು ಕಡೆ ಸುಟ್ಟುಹೋಗಿದೆ, ಬೆರಳಿನಷ್ಟು ಅಗಲ. ಅಪ್ಪ ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ ಪಂಚೆಯ ತುದಿಯಲ್ಲಿ ಒರೆಸಿ ಜೇಬಿಗೆ ಹಾಕಿಕೊಂಡರು. ಗೈಡ್‌ಗಳಲ್ಲಿ ವಾಲ್ವ್ ಅಲ್ಲಾಡಿಸಿದರೆ ಟಕಟಕ ಅನ್ನುತ್ತದೆ, ಎಂಟರಲ್ಲಿ ಆರು ಸಡಿಲ. ಬೋರ್ ಮೇಲಿನ ಅಂಚಿನಲ್ಲಿ ಉಗುರು ಎಳೆದರೆ ಸ್ವಲ್ಪ ಮಾತ್ರ ತಡೆಯುತ್ತದೆ. ಗೇಜ್ ಹಾಕಿ ಅಳೆದರು, ಸವೆತ 0.06 ಮಿಲಿಮೀಟರ್. ಪಿಸ್ಟನ್ ಇಳಿಸುವುದು ಬೇಡ ಅಂದರು. ಪಿಸ್ಟನ್ ತಲೆಯ ಮಸಿ ಕೆರೆದಾಗ 0.4 ಅನ್ನುವ ಅಚ್ಚು ಕಾಣಿಸಿತು, ನೋಟ್‌ಬುಕ್ಕಿನಲ್ಲಿ ಇದ್ದ ಹಾಗೇ.

ಬಿಸಿಯಾಗುವುದರ ಕಾರಣವೂ ಸಿಕ್ಕಿತು. ವೆಲ್ಷ್ ಪ್ಲಗ್ ಎರಡು ತೂತು ಬೀಳುವ ಹಂತದಲ್ಲಿದ್ದವು. ಒಳಗೆ ಮಾಟುಂಗಾದವರು ಹೇಳಿದ ಕೆಂಪು ಕೆಸರು, ನಾಲ್ಕನೇ ಸಿಲಿಂಡರಿನ ಹಿಂದೆ ಗಟ್ಟಿಯಾಗಿ ಕೂತಿತ್ತು, ಸ್ಕ್ರೂಡ್ರೈವರ್‌ನಲ್ಲಿ ಕೆದಕಿ ತೆಗೆದರು. ಥರ್ಮೋಸ್ಟಾಟ್ (ನೀರಿನ ಬಿಸಿ ನೋಡಿ ರೇಡಿಯೇಟರಿಗೆ ಬಿಡುವ ವಾಲ್ವ್) ಇರಲೇ ಇಲ್ಲ. ಯಾವಾಗಲೋ ಯಾರೋ ತೆಗೆದು ಹಾಗೇ ಮುಚ್ಚಿದ್ದಾರೆ. ಅದು ಮಾತ್ರ ನೋಟ್‌ಬುಕ್ಕಿನಲ್ಲಿ ಇಲ್ಲ, ಗಾಡಿ ಅವರಿಂದ ನನ್ನ ಕೈಗೆ ಬಂದಮೇಲೆ ಆಗಿದ್ದು ಅಂತ ಅಪ್ಪ ಹೇಳಿದರು. ಬೇಜಾರಾಯ್ತು.

ಎಂಜಿನ್ ಬದಲಿಸುವುದಿಲ್ಲ. ಗೈಡ್ ಎಂಟೂ ಹೊಸದು, ಎಕ್ಸಾಸ್ಟ್ ವಾಲ್ವ್ ನಾಲ್ಕೂ ಹೊಸದು, ಹೆಡ್ ಫೇಸಿಂಗ್ (ತಳ ಸಮ ಮಾಡುವುದು), ರೇಡಿಯೇಟರ್ ಕೆಲಸ, ಟೈಮಿಂಗ್ ಚೈನ್. ಜೊತೆಗೆ ಬ್ರೇಕ್ ಲೈನಿಂಗ್ ಮತ್ತು ವೀಲ್ ಸಿಲಿಂಡರ್ ಕಿಟ್, ಇದು ಹೆಂಡತಿ ವಾಸ್ಕೋದವರ ಘಾಟ್ ಕಥೆ ಓದಿ ಹಾಕಿದ ಷರತ್ತು. ಎಲ್ಲ ಸೇರಿ 34 ಸಾವಿರ ಅಂದಿದ್ದಾರೆ. ಗ್ಯಾಸ್ಕೆಟ್ ನಾನಾ ಪೇಠ್‌ನಲ್ಲಿ ಸಿಕ್ಕಿತು, ಗೈಡ್ ಇನ್ನೂ ಸಿಕ್ಕಿಲ್ಲ.

ಮಾಟುಂಗಾದವರೇ, ಗೈಡ್ ನಿಮ್ಮ ಕಡೆ ಸಿಗಬಹುದಾ? ಹೆಡ್ ಕೂರಿಸುವಾಗ ಗಮನಿಸಬೇಕಾದ್ದು ಏನಾದರೂ ಇದೆಯಾ?

ಮಾಟುಂಗಾ ಪದ್ಮಿನಿ

ಓದಿ ಬಹಳ ಖುಷಿ ಆಯ್ತು. ಗೈಡ್ ಒಪೆರಾ ಹೌಸ್ ಕಡೆ ಹಳೇ ಸ್ಪೇರ್ ಅಂಗಡಿಯಲ್ಲಿ ಕೇಳಿ ಬಂದೆ, ಒಂದು ಸೆಟ್ ಇದೆ, ಬೀಡುಕಬ್ಬಿಣದ್ದು. ನಾಳೆ ಬಸ್ಸಿಗೆ ಹಾಕಿ ಕಳಿಸ್ತೀನಿ, ದುಡ್ಡು ಆಮೇಲೆ ನೋಡೋಣ. ಗೈಡ್ ಹೊಡೆದಮೇಲೆ ರೀಮರ್ ಹಾಕಿ ಒಳಗಿನ ತೂತು ಅಳತೆಗೆ ತರಬೇಕು, ಆಮೇಲೇ ವಾಲ್ವ್ ಕೂರುವ ಸೀಟ್ ಕಟ್ ಮಾಡಬೇಕು. ಕೆಲವರು ಮೊದಲು ಸೀಟ್ ಕಟ್ ಮಾಡಿಬಿಡುತ್ತಾರೆ, ಆಗ ವಾಲ್ವ್ ಒಂದು ಕಡೆ ವಾಲಿ ಕೂತು ಮತ್ತೆ ಅದೇ ಸುಡುವ ತೊಂದರೆ.

ಹೆಡ್ ನಟ್ಟು ಮಧ್ಯದಿಂದ ಶುರುಮಾಡಿ ಹೊರಗಡೆಗೆ ಹೋಗಬೇಕು, ಒಂದೇ ಸಲಕ್ಕೆ ಅಲ್ಲ, ಮೂರು ಸುತ್ತಿನಲ್ಲಿ. ಟಾರ್ಕ್ ವ್ರೆಂಚ್ ಬೇಕೇ ಬೇಕು. 500 ಕಿಲೋಮೀಟರ್ ಓಡಿದಮೇಲೆ ಮತ್ತೆ ಬಿಗಿ ಮಾಡಿಸಿ. ಅಲ್ಯೂಮಿನಿಯಂ ಹೆಡ್, ಎಂಜಿನ್ ಪೂರ್ತಿ ತಣ್ಣಗಿದ್ದಾಗಲೇ, ರಾತ್ರಿ ನಿಂತ ಗಾಡಿ ಬೆಳಿಗ್ಗೆ. ಟ್ಯಾಪೆಟ್ (ವಾಲ್ವ್ ಸಂದಿ) ಕೂಡ ಆಗಲೇ ಇನ್ನೊಮ್ಮೆ ನೋಡಿಸಿ. ಇನ್ನು ಮುಂದೆ ಬರೀ ನೀರು ಬೇಡ, ಕೂಲಂಟ್ ಹಾಕಿ. ಪೆಟ್ರೋಲ್‌ನಲ್ಲಿ ಈಗ ಎಥನಾಲ್ ಜಾಸ್ತಿ, ಹಳೇ ರಬ್ಬರ್ ಮೆತ್ತಗಾಗಿ ಸೋರುತ್ತದೆ. ಪೈಪು, ಪಂಪಿನ ಡಯಾಫ್ರಾಂ ಎಥನಾಲ್ ತಡೆಯುವಂಥದ್ದೇ ಕೇಳಿ ಹಾಕಿಸಿ. ಇದರಲ್ಲಿ ಉಳಿಸಬೇಡಿ, ಬೆಂಕಿಯ ವಿಷಯ.

ವಾಸ್ಕೋ ಘಾಟ್

ಲೈನಿಂಗ್ ಹಾಕಿದಮೇಲೆ ಡ್ರಮ್‌ಗೆ ಹೊಂದಿ ಕೂರಲು ಸಮಯ ಬೇಕು. ಮೊದಲ 200 ಕಿಲೋಮೀಟರ್ ಊರೊಳಗೇ ಓಡಿಸಿ, ಆಮೇಲೆ ಘಾಟ್. ಧಾರವಾಡಕ್ಕೆ ಹೋಗುವ ದಿನ ತಿಳಿಸಿ, ನಾನೂ ನನ್ನದನ್ನು ತಗೊಂಡು ಅನಮೋಡ್ ಕಡೆಯಿಂದ ಬರ್ತೀನಿ.

ಕೊಥ್ರೂಡ್ ಧಾರವಾಡ

ಗೈಡ್ ಬಂದು ಮುಟ್ಟಿತು, ನಿಮಗೆ ಹೇಗೆ ಧನ್ಯವಾದ ಹೇಳಬೇಕೋ ಗೊತ್ತಾಗುತ್ತಿಲ್ಲ. ಹೆಡ್ ಲೇತ್‌ನಲ್ಲಿದೆ, ಶನಿವಾರ ವಾಪಸ್. ರೀಮರ್ ಮೊದಲು ಸೀಟ್ ಆಮೇಲೆ ಅಂತ ಹೇಳಿದ್ದಕ್ಕೆ ಮಿಸ್ತ್ರಿ ನಕ್ಕು, ಇದನ್ನು ಹೇಳಿಕೊಟ್ಟವರು ಯಾರು ಅಂತ ಕೇಳಿದರು.

ಮೊದಲ ಸ್ಟಾರ್ಟ್ ಅಪ್ಪ ತಾವೇ ಮಾಡ್ತಾರಂತೆ. ಚೋಕ್ ಎಷ್ಟು ಎಳೆಯಬೇಕು, ಎಷ್ಟು ಹೊತ್ತಿಗೆ ಬಿಡಬೇಕು ಅನ್ನುವುದು ನಿನಗೆ ಇನ್ನೂ ಬಂದಿಲ್ಲ ಅಂದರು. ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದು ತಾರೀಖು ಬರೆದು ಇಟ್ಟಿದ್ದಾರೆ, ಕಿಲೋಮೀಟರ್ ಜಾಗ ಖಾಲಿ ಬಿಟ್ಟು.